ಅಘನಾಶಿನಿ ಅಳಿವೆಯ ದೋಣಿ ವಿಹಾರ: ಹೊರಡುವ ಮುನ್ನ ತಿಥಿ ನೋಡಿಕೊಳ್ಳಿ

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯನ್ನು ತೋರಿಸುವ ಪ್ರವಾಸಿ ದೋಣಿ ಸೇವೆಯೊಂದನ್ನು ಜನವರಿಯಲ್ಲಿ ವಾರದ ಅಂತರದಲ್ಲಿ ಎರಡು ಬಾರಿ ಬಳಸಿದೆ. ದೋಣಿ ಅದೇ, ನಡೆಸುವವರು ಅವರೇ, ಹೊರಡುವ ಹೊತ್ತು ಎರಡೂ ದಿನ ಸಂಜೆ 4 ಗಂಟೆ, ದರ ತಲೆಗೆ 500 ರೂಪಾಯಿ. ಆದರೂ ಮೊದಲ ದಿನ ಕೊಟ್ಟ ಹಣ ದಂಡವೆನಿಸಿತು. ಎರಡನೆಯ ದಿನ ಅಷ್ಟೇ ಹಣಕ್ಕೆ ಇಷ್ಟೆಲ್ಲ ಸಿಕ್ಕಿತಲ್ಲ ಎನಿಸಿತು.

ಮೊದಲ ಸಲ ಹೋದದ್ದು ಅಷ್ಟಮಿಯ ಆಸುಪಾಸಿನಲ್ಲಿ. ಉಬ್ಬರದ ನೀರು ದಂಡೆಯ ತುಂಬ ನಿಂತಿದ್ದರಿಂದ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ತಲೆಯಷ್ಟೇ ಕಾಣುತ್ತಿತ್ತು. ಸೂರ್ಯಾಸ್ತ ಚೆನ್ನಾಗಿತ್ತು, ನಿಜ. ಆದರೆ ಸೂರ್ಯಾಸ್ತವನ್ನು ಗೋಕರ್ಣದ ಕಡಲ ದಂಡೆಯಲ್ಲಿ ಕುಳಿತು ದುಡ್ಡಿಲ್ಲದೆಯೇ ನೋಡಬಹುದು. ಮರಳದಿಬ್ಬದ ಉಳಿದ ತುಣುಕಿನ ಮೇಲೆ ಒತ್ತೊತ್ತಾಗಿ ಕುಳಿತಿದ್ದ ಕಡಲಕ್ಕಿಗಳ ಬಳಿಗೆ, ಫೋಟೊ ತೆಗೆಯುವವರಿಗೆಂದು ದೋಣಿಯನ್ನು ನೇರವಾಗಿ ನುಗ್ಗಿಸಿ ಹಿಂಡನ್ನೆಲ್ಲ ಎಬ್ಬಿಸಿದ್ದು ನನಗೆ ಸರಿಕಾಣಲಿಲ್ಲ. ಉಬ್ಬರದಲ್ಲಿ ಹಕ್ಕಿಗಳಿಗೆ ಕಾಲೂರಲು ಉಳಿಯುವ ಜಾಗವೇ ಅಷ್ಟು.

ಚಂದ್ರನನ್ನು ಅನುಸರಿಸುವ ಸಮುದ್ರದ ಉಬ್ಬರವಿಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ತಡವಾಗುತ್ತ ಹೋಗುವುದರಿಂದ, ಈ ವಾರ ಸಂಜೆ 4 ಗಂಟೆಗೆ ತುಂಬಿರುವ ನೀರು ಮುಂದಿನ ವಾರ ಅದೇ ಹೊತ್ತಿಗೆ ಇಳಿದಿರುತ್ತದೆ. ಗಡಿಯಾರ ನೋಡಿ ದೋಣಿ ಬಿಡುವ ಈ ಸೇವೆಯ ದೊಡ್ಡ ಕೊರತೆ ಇದೇ. ಹಣ ಪಡೆಯುವ ಮುನ್ನ ಈ ಮಾತನ್ನು ಯಾರೂ ಹೇಳಲಿಲ್ಲ. ಮರಳಿ ದಡಕ್ಕೆ ಬರುವಾಗ, ಮೀನುಗಾರ ಮನೆತನದವರೇ ಆದ ದೋಣಿ ನಡೆಸುವವರು, ‘ಹುಣ್ಣಿಮೆ ಕಡೆಗೆ ಬನ್ನಿ ಸರ್, ಆಗ ಕೆಸರು ಕಾಣ್ತದೆ’ ಎಂದರು. ಕೆಸರು ನೋಡಲು ಯಾರು ಬರುತ್ತಾರೆ ಎಂದು ಪಕ್ಕದವರು ನಕ್ಕರು. ನಾನು ಬಂದೆ.

ಹುಣ್ಣಿಮೆಯ ಹತ್ತಿರ ಅದೇ 4 ಗಂಟೆಗೆ ಹೊರಟಾಗ ನದಿ ಅರ್ಧ ಮೈ ಬಿಚ್ಚಿತ್ತು. ಕಾಂಡ್ಲಾದ ಒಂದು ಬಗೆಯಾದ ಉಪ್ಪಟಿ ಮರಗಳ ಸುತ್ತ, ಗಾಳಿಯಿಲ್ಲದ ಕೆಸರಿನಿಂದ ಉಸಿರಾಟಕ್ಕೆಂದು ಮೇಲೆದ್ದ ಬೇರುಗಳು ನೆಟ್ಟ ಕಡ್ಡಿಗಳಂತೆ ನಿಂತಿದ್ದವು. ಅವುಗಳ ನಡುವೆ ಒಂದೇ ದೊಡ್ಡ ಕೊಂಡಿಯನ್ನು ಎತ್ತಿ ಬೀಸುವ ಗಂಡು ಏಡಿಗಳು, ರೆಕ್ಕೆಯನ್ನೇ ಕಾಲಾಗಿಸಿಕೊಂಡು ನೀರಿನಾಚೆ ತೆವಳುವ ಸಣ್ಣ ಮೀನುಗಳು. ಉಪ್ಪಟಿಯ ಎಲೆಯನ್ನು ನೆಕ್ಕಿ ನೋಡಲು ಹೇಳಿದರು. ಮರ ಹೊರಹಾಕಿದ ಉಪ್ಪು ನಾಲಿಗೆಗೆ ಹತ್ತಿತು. ಸ್ವಲ್ಪ ಮುಂದೆ, ಸೊಂಟದಷ್ಟು ನೀರಿನಲ್ಲಿ ನಿಂತವರು ಬಳಚು ಎಂಬ ಚಿಪ್ಪಿನ ಜೀವಿಗಳನ್ನು ಹೆಕ್ಕುತ್ತಿದ್ದರು. ಅಣೆಕಟ್ಟಿಲ್ಲದೆ ಘಟ್ಟದಿಂದಿಳಿಯುವ ನದಿಯಾದ್ದರಿಂದ ಸಿಹಿನೀರೂ ಹೂಳೂ ತಡೆಯಿಲ್ಲದೆ ಇಲ್ಲಿಗೆ ಬರುತ್ತವೆ. ಚಿಪ್ಪಿನ ಜೀವಿಗಳಿಗೆ ಬೇಕಾದ ಚೌಳುನೀರಿನ ಹದ ಅದರಿಂದಲೇ ಉಳಿದಿದೆ.

ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಈ ಅಳಿವೆ 4,801 ಹೆಕ್ಟೇರ್ ವಿಸ್ತಾರದ್ದು. ಸರ್ಕಾರದ ಪ್ರಕಟಣೆಯ ಪ್ರಕಾರ 66 ಜಾತಿಯ ನೀರಹಕ್ಕಿಗಳು ಇಲ್ಲಿವೆ, 6,000ದಿಂದ 7,500 ಕುಟುಂಬಗಳು ಇದನ್ನು ನೆಚ್ಚಿಕೊಂಡಿವೆ. ಆ ಪ್ರಕಟಣೆಯಲ್ಲಿ ಹೆಸರಿಸಿರುವ ಹೊಳೆ ರೀವ ಮತ್ತು ಹಾವಕ್ಕಿಗಳನ್ನು ಅಂದು ಕಂಡೆ. ಕೆಂಪು ಕೊಕ್ಕಿನ ಆಯ್‌ಸ್ಟರ್‌ಕ್ಯಾಚರ್ ಮಾತ್ರ ಕಾಣಿಸಲಿಲ್ಲ. ಈ ಸಲ ದೋಣಿಯ ಯಂತ್ರವನ್ನು ದೂರದಲ್ಲೇ ನಿಲ್ಲಿಸಲು ಮೊದಲೇ ಕೇಳಿಕೊಂಡಿದ್ದೆ, ನಿಲ್ಲಿಸಿದರು. ಹಕ್ಕಿಗಳು ಮೇಯುವುದನ್ನು ಬಿಟ್ಟೇಳಲಿಲ್ಲ.

ಅಳಿವೆಯ ಅಂಚಿನ ಗದ್ದೆಗಳಾದ ಗಜನಿ ಭೂಮಿಯ ಬಳಿ ಹತ್ತು ನಿಮಿಷ ನಿಂತದ್ದು ನನ್ನ ಮಟ್ಟಿಗೆ ಇಡೀ ಪ್ರಯಾಣದ ಅತ್ಯುತ್ತಮ ಭಾಗ. ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆದು, ಕೊಯ್ಲಾದ ಮೇಲೆ ಒಡ್ಡಿನ ಹಲಗೆ ಬಾಗಿಲುಗಳ ಮೂಲಕ ಉಬ್ಬರದ ನೀರನ್ನು ಗದ್ದೆಗೆ ಬಿಟ್ಟುಕೊಂಡು ಸಿಗಡಿ ಮತ್ತು ಮೀನು ಹಿಡಿಯುವ ಈ ಪದ್ಧತಿಯಲ್ಲಿ, ಭತ್ತದ ಕೂಳೆಯೇ ಮೀನಿಗೆ ಮೇವಾಗುತ್ತದೆ. ಕೇಳಿದರೆ ಮಾತ್ರ ಇದನ್ನು ವಿವರಿಸುತ್ತಾರೆ. ಕೇಳದವರಿಗೆ ಅದು ಬರಿಯ ನೀರು ನಿಂತ ಬಯಲು.

ಲೈಫ್ ಜಾಕೆಟ್‌ಗಳು ಎಲ್ಲರಿಗೂ ಇದ್ದವು, ಆದರೆ ಮಕ್ಕಳ ಅಳತೆಯದು ಒಂದೂ ಇರಲಿಲ್ಲ. ಇದನ್ನು ಸಣ್ಣ ದೋಷವೆಂದು ಬಿಡಲಾಗದು; ಸರಿಪಡಿಸುವವರೆಗೆ ಚಿಕ್ಕ ಮಕ್ಕಳೊಂದಿಗೆ ಹೋಗಬೇಡಿ. ದುರ್ಬೀನು ನಿಮ್ಮದೇ ತನ್ನಿ. ಅಕ್ಟೋಬರಿನಿಂದ ಮಾರ್ಚಿಯವರೆಗೆ ವಲಸೆ ಹಕ್ಕಿಗಳಿರುತ್ತವೆ. ಸಂಜೆಯ ದೋಣಿಯೇ ಬೇಕಿದ್ದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹತ್ತಿರದ ದಿನವನ್ನು ಕೇಳಿ ಕಾಯ್ದಿರಿಸಿ. ಮೊದಲೇ ತಿಳಿಸಿದರೆ ದಿನ ಬದಲಿಸಲು ಅವರು ಹೆಚ್ಚಿನ ಹಣ ಕೇಳುವುದಿಲ್ಲ.