“ದುಡ್ಡು ಬೇಡ ಅಕ್ಕ, ಒಂದೇ ಒಂದು ಸಹಿ” ಅಂದ್ರೆ ದಯವಿಟ್ಟು ನಿಲ್ಬೇಡಿ

ಮೊದಲೇ ಹೇಳ್ಬಿಡ್ತೀನಿ, ಯಾರಿಗೂ ಏನೂ ಕೊಡ್ಬೇಡಿ ಅಂತ ಹೇಳೋಕೆ ನಾನಿದನ್ನ ಬರೀತಾ ಇಲ್ಲ. ವರ್ಷಕ್ಕೊಂದ್ಸಲ ಅಪ್ಪನ ನೆನಪಿಗೆ ಅಂತ ನಾನೇ ಹುಡುಕ್ಕೊಂಡು ಹೋಗಿ ಕೈಲಾದಷ್ಟು ಕೊಟ್ಟು ಬರೋಳು ನಾನು. ಆದ್ರೆ ಹೋದ ಆರೇಳು ತಿಂಗಳಲ್ಲಿ ಬೀದೀಲಿ, ಫೋನಲ್ಲಿ ದೇಣಿಗೆ ಕೇಳೋರಿಂದ ನಂಗೂ ನಮ್ಮಮ್ಮಂಗೂ ಆಗಿರೋದನ್ನ ನೋಡಿದ್ಮೇಲೆ, ನಾಕು ಜನಕ್ಕೆ ಹೇಳದೆ ಸುಮ್ನಿದ್ರೆ ತಪ್ಪಾಗುತ್ತೆ ಅನ್ನಿಸ್ತು. ಸ್ವಲ್ಪ ಉದ್ದ ಇದೆ, ಓದಿ.

ಸಂಜೆ ಆಫೀಸ್ ಮುಗಿಸ್ಕೊಂಡು ಸ್ಟೇಷನ್ನಿಂದ ಹೊರಗೆ ಬರ್ತಾ ಇದ್ದೆ. ಕುತ್ತಿಗೇಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು, ಇಪ್ಪತ್ತು ಇಪ್ಪತ್ತೊಂದು ವರ್ಷದ ಹುಡುಗಿ ನೇರ ಎದುರಿಗೇ ಬಂದು ನಿಂತ್ಲು. ಪಕ್ಕಕ್ಕಲ್ಲ, ಎದುರಿಗೆ, ಇದನ್ನ ನೆನಪಿಟ್ಕೊಳ್ಳಿ. “ಅಕ್ಕಾ ಒಂದೇ ನಿಮಿಷ, ದುಡ್ಡು ಕೇಳ್ತಿಲ್ಲ, ಮಕ್ಕಳ ಚಿಕಿತ್ಸೆಗೆ ಬೆಂಬಲ ಇದೆ ಅಂತ ಒಂದು ಸಹಿ ಹಾಕಿ ಸಾಕು.” ದುಡ್ಡು ಬೇಡ ಅಂದಮೇಲೆ ಏನ್ ಹೋಗೋದು ಅಂತ ನಿಂತೆ. ಸಹಿ ಹಾಕ್ದೆ, ಹೆಸರು ಬರೆದೆ, ಫೋನ್ ನಂಬರ್ ಬರೆದೆ, ಅದರ ಕೆಳಗೆ “ಇನ್ನೊಂದು ನಂಬರ್” ಅಂತ ಒಂದು ಜಾಗ ಇತ್ತು, ಯೋಚ್ನೆ ಮಾಡದೆ ಅಮ್ಮನ ನಂಬರ್ ಬರೆದುಬಿಟ್ಟೆ. ನನ್ನ ಜೀವನದಲ್ಲಿ ಇಷ್ಟು ಸುಲಭವಾಗಿ ಇಷ್ಟು ದೊಡ್ಡ ದಡ್ಡತನ ಇನ್ಯಾವತ್ತೂ ಮಾಡಿಲ್ಲ. ಸಹಿ ಆದ್ಮೇಲೆ ಅವಳು ನಗ್ತಾ ನನ್ನ ಚೂಡಿದಾರಕ್ಕೆ ಒಂದು ಹೃದಯದ ಸ್ಟಿಕ್ಕರ್ ಅಂಟಿಸಿದ್ಲು. ಕೇಳಲೇ ಇಲ್ಲ, ಅಂಟಿಸಿಬಿಟ್ಲು.

ಆಮೇಲೆ ಟ್ಯಾಬ್ ತಿರುಗಿಸಿದ್ಲು ನೋಡಿ. ಒಂದು ಮಗು, ಮೂಗಿಗೆ ಟ್ಯೂಬು, ತಲೇಲಿ ಒಂದು ಕೂದಲಿಲ್ಲ, ಕಣ್ಣು ಮಾತ್ರ ಇಷ್ಟಗಲ. ಹೆಸರು ಹೇಳಿದ್ಲು, ವಯಸ್ಸು ಹೇಳಿದ್ಲು, ಅವರಪ್ಪ ಕೂಲಿ ಅಂದ್ಲು. ಮನುಷ್ಯರಾದವರಿಗೆ ಯಾರಿಗೆ ತಾನೆ ಕರುಳು ಚುರ್ ಅನ್ನಲ್ಲ. ನಾನು ಪರ್ಸ್ ತೆಗೆದು ಇದ್ದ ನೋಟು ಕೊಡೋಕೆ ಹೋದ್ರೆ ಕೈ ಹಿಂದಕ್ಕೆ ಎಳ್ಕೊಂಡ್ಲು, “ಇಲ್ಲ ಅಕ್ಕ, ನಾವು ಕ್ಯಾಶ್ ಮುಟ್ಟೋ ಹಾಗಿಲ್ಲ, ಕಾರ್ಡಲ್ಲಿ ಮಾಡಿ.” ಸರಿ, ಇವತ್ತು ಮನೆಗೆ ಹೋಗಿ ನಿಮ್ಮ ಸೈಟಲ್ಲೇ ಕಳಿಸ್ತೀನಿ ಅಂದೆ. ಅದಕ್ಕೂ ಇಲ್ಲ. “ಮನೆಗೆ ಹೋದ್ರೆ ಎಲ್ಲರೂ ಮರೀತಾರೆ ಅಕ್ಕ, ಆ ಮಗು ಮರೆಯೋಕಾಗತ್ತಾ ಹೇಳಿ.” ಅಷ್ಟೊತ್ತಿಗೆ ಇನ್ನೊಬ್ಬ ಹುಡುಗ ಬಂದು ನನ್ನ ಎಡಗಡೆ ನಿಂತಿದ್ದ. ಹಿಂದೆ ಗೋಡೆ. ಹೋಗಿ ಬರೋ ಜನ ನನ್ನನ್ನೇ ನೋಡ್ತಾ ಇದ್ದಾರೆ ಅನ್ನೋ ಭಾವನೆ, ನಿಜವಾಗ್ಲೂ ಯಾರೂ ನೋಡ್ತಿರಲಿಲ್ಲ ಅಂತ ಈಗ ಗೊತ್ತು, ಆಗ ಅನ್ನಿಸ್ಲಿಲ್ಲ. ಎದೆ ಮೇಲೆ ಹೃದಯದ ಸ್ಟಿಕ್ಕರ್ ಬೇರೆ ಅಂಟಿಸ್ಕೊಂಡು ಇಲ್ಲ ಅನ್ನೋದು ಹೇಗೆ.

ಕಾರ್ಡ್ ಕೊಟ್ಟೆ. ನಂಬರ್ ಅವಳೇ ಹೊಡೆದ್ಲು, ಓಟಿಪಿ ನಾನೇ ಓದಿ ಹೇಳ್ದೆ. ಮೊದಲು ಹತ್ತು ಪಟ್ಟು ಜಾಸ್ತಿ ಮೊತ್ತ ಹೇಳಿ, ನನ್ನ ಮುಖ ನೋಡಿ ಇಳಿಸಿದ್ಲು, ಹಾಗಾಗಿ ಕಮ್ಮಿಗೆ ಬಚಾವಾದೆ ಅಂತ ಒಳಗೊಳಗೇ ಖುಷಿ ಬೇರೆ ನಂಗೆ! ಮುಂದಿನ ತಿಂಗಳು ಅದೇ ತಾರೀಕಿಗೆ ಅಷ್ಟೇ ದುಡ್ಡು ಮತ್ತೆ ಕಟ್ ಆದಾಗ ಗೊತ್ತಾಯ್ತು, ನಾನು ಒಂದ್ಸಲ ಕೊಟ್ಟಿದ್ದಲ್ಲ, ತಿಂಗಳು ತಿಂಗಳು ತಗೊಳ್ಳಿ ಅಂತ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿದ್ದೆ. ಅವತ್ತಿನ ಓಟಿಪಿ ಮೆಸೇಜ್ ಹುಡುಕಿ ತೆಗೆದು ನೋಡಿದ್ರೆ ಅದರಲ್ಲೇ ಮ್ಯಾಂಡೇಟ್ ಅಂತ ಇದೆ. ಸುಳ್ಳು ಹೇಳಿದ್ರು ಅಂತ ಹೇಳೋಕೂ ಆಗಲ್ಲ, ಫಾರಂ ಕೆಳಗೆ ಇರುವೆ ಸೈಜಿನ ಅಕ್ಷರದಲ್ಲಿ ಬರೆದಿತ್ತು. ಬಾಯಲ್ಲಿ ಮಾತ್ರ ಯಾರೂ ಹೇಳಿರಲಿಲ್ಲ.

ನನ್ನ ಚಿಕ್ಕಮ್ಮನ ಮಗ ಕಾಲೇಜು ಮುಗಿದ್ಮೇಲೆ ನಾಕು ತಿಂಗಳು ಇದೇ ಕೆಲ್ಸ ಮಾಡಿದ್ದ, ಬೇರೆ ಕಡೆ. ಅವನ ಹತ್ರ ಗೋಳು ಹೇಳ್ಕೊಂಡ್ರೆ ಬಿದ್ದೂ ಬಿದ್ದೂ ನಕ್ಕ. ಅವನು ಹೇಳಿದ್ದಿಷ್ಟು: ಬೀದೀಲಿ ನಿಲ್ಲೋ ಈ ಮಕ್ಕಳು ಬಹಳಷ್ಟು ಸಲ ಆ ಸಂಸ್ಥೆಯವರೇ ಅಲ್ಲ, ಸಂಸ್ಥೆ ಒಂದು ಏಜೆನ್ಸಿಗೆ ಕಾಂಟ್ರಾಕ್ಟ್ ಕೊಟ್ಟಿರತ್ತೆ, ಏಜೆನ್ಸಿಗೆ ಒಬ್ಬೊಬ್ಬ ಡೋನರ್‌ಗೆ ಇಷ್ಟು ಅಂತ ಲೆಕ್ಕ, ಅಂದ್ರೆ ನಾವು ಕೊಡೋ ಮೊದಮೊದಲ ತಿಂಗಳುಗಳ ದುಡ್ಡು ನಮ್ಮನ್ನ ಹಿಡಿದ ಖರ್ಚಿಗೇ ಹೋಗತ್ತೆ. ಅದಕ್ಕೇ ಒಂದ್ಸಲದ ಕ್ಯಾಶ್ ಅವರಿಗೆ ಬೇಡ. ಕ್ಯಾಶ್ ತಗೊಂಡ್ರೆ ಟಾರ್ಗೆಟ್‌ಗೆ ಸೇರಲ್ಲ, ಸೈನ್ ಅಪ್ ಆದ್ರೆ ಮಾತ್ರ ಸೇರತ್ತೆ. ದಿನಕ್ಕಿಷ್ಟು ಸೈನ್ ಅಪ್ ಆಗ್ಲಿಲ್ಲ ಅಂದ್ರೆ ಸಂಜೆ ಟೀಮ್ ಲೀಡರ್ ಎಲ್ಲರ ಮುಂದೆ ಬೈತಿದ್ನಂತೆ, ಎರಡು ವಾರ ಹಂಗೇ ಆದ್ರೆ ಮನೆಗೆ. ಹಾಗಾಗಿ ಆ ಹುಡುಗಿ ಮೇಲೆ ನಂಗೆ ಕೋಪ ಇಲ್ಲ. ಬಿಸಿಲಲ್ಲಿ ಹತ್ತು ಗಂಟೆ ನಿಂತು ನೂರಾರು ಜನ ಮುಖ ತಿರುಗಿಸ್ಕೊಂಡು ಹೋಗೋದನ್ನ ಸಹಿಸ್ಕೊಳ್ಳೋ ಕೆಲ್ಸ ಅದು. ಅವಳನ್ನ ಅಲ್ಲಿ ನಿಲ್ಲಿಸಿ ಲೆಕ್ಕ ಹಾಕೋರ ಮೇಲೆ ಕೋಪ.

ಆ ಸ್ಟಿಕ್ಕರ್ ವಿಷಯಾನೂ ಅವನೇ ಹೇಳಿದ್ದು, ಟ್ರೈನಿಂಗಲ್ಲಿ ಹೇಳಿಕೊಡ್ತಾರಂತೆ, ಮೊದಲು ಏನಾದ್ರೂ ಚಿಕ್ಕದಕ್ಕೆ ಹೂಂ ಅನ್ನಿಸಿ ಅಂತ. ಆಮೇಲೆ ಹುಡುಕಿ ಓದಿದೆ, ಇದು ಇವತ್ತಿನ ಬುದ್ಧಿವಂತಿಕೆ ಅಲ್ಲ. 1966ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಫ್ರೀಡ್‌ಮನ್ ಮತ್ತು ಫ್ರೇಸರ್ ಅನ್ನೋರು ಒಂದು ಪ್ರಯೋಗ ಪ್ರಕಟಿಸಿದ್ರು. ಕ್ಯಾಲಿಫೋರ್ನಿಯಾದಲ್ಲಿ ಮನೆಮನೆಗೆ ಹೋಗಿ, ಹುಷಾರಾಗಿ ಗಾಡಿ ಓಡಿಸಿ ಅನ್ನೋ ದೊಡ್ಡ, ಅಂದಚೆಂದ ಇಲ್ಲದ ಬೋರ್ಡನ್ನ ನಿಮ್ಮ ಮನೆ ಮುಂದೆ ನೆಡ್ತೀವಿ ಅಂದ್ರೆ ಒಪ್ಪಿದೋರು ನೂರಕ್ಕೆ ಸುಮಾರು 17 ಜನ. ಅದೇ, ಎರಡು ವಾರ ಮುಂಚೆ ಅದೇ ವಿಷಯದ್ದು ಅಂಗೈಯಷ್ಟು ಒಂದು ಬೋರ್ಡ್ ಇಟ್ಕೊಳ್ಳಿ ಅಂತ ಕೇಳಿ ಒಪ್ಪಿಸಿದ್ದ ಮನೆಗಳಿಗೆ ಹೋಗಿ ದೊಡ್ಡ ಬೋರ್ಡ್ ಕೇಳಿದ್ರೆ 76 ಪರ್ಸೆಂಟ್ ಒಪ್ಪಿದ್ರು. ನನ್ನ ಚೂಡಿದಾರದ ಮೇಲಿದ್ದ ಸ್ಟಿಕ್ಕರ್ ಆ ಅಂಗೈಯಷ್ಟು ಬೋರ್ಡು. ಮೊದಲು ದೊಡ್ಡ ಮೊತ್ತ ಹೇಳಿ ಆಮೇಲೆ ಇಳಿಸೋದು ಇದಕ್ಕೆ ಉಲ್ಟಾ ಪಟ್ಟು, ಅದನ್ನ ಚಾಲ್ಡೀನಿ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವನ ಜೊತೆಯವರು 1975ರಲ್ಲೇ ತೋರಿಸಿದ್ದಾರೆ. ಎರಡು ಪಟ್ಟನ್ನೂ ಐದು ನಿಮಿಷದಲ್ಲಿ ನನ್ನೊಬ್ಬಳ ಮೇಲೇ ಹಾಕಿದ್ರಲ್ಲ, ಭಲೇ.

ಇಷ್ಟಕ್ಕೇ ಮುಗಿದಿದ್ರೆ ನಾನು ಬರೀತಾನೂ ಇರ್ಲಿಲ್ಲ. ಅಸಲಿ ಕಥೆ ಅಮ್ಮನ ಫೋನಿಂದು.

ಒಂದಿನ ಮನೆಗೆ ಬಂದ್ರೆ ಅಮ್ಮ ಕಣ್ಣು ಕೆಂಪು ಮಾಡ್ಕೊಂಡು ಕೂತಿದ್ದಾರೆ. ಏನಾಯ್ತಮ್ಮ ಅಂದ್ರೆ, “ಯಾವುದೋ ಪುಟ್ಟ ಮಗು ಕಣೇ, ನಾಳೆ ಆಪರೇಷನ್ ಅಂತೆ, ಇವತ್ತು ಸಾಯಂಕಾಲದೊಳಗೆ ದುಡ್ಡು ಕಟ್ಟಿಲ್ಲ ಅಂದ್ರೆ ಡಾಕ್ಟ್ರು ಮಾಡಲ್ವಂತೆ” ಅಂದ್ರು. ಪಕ್ಕದ ಮನೆ ಹುಡುಗನ್ನ ಕರೆದು ಅವನ ಕೈಲಿ ದುಡ್ಡು ಹಾಕಿಸಿಬಿಟ್ಟಿದ್ರು. ಎಷ್ಟು ಅಂತ ಇಲ್ಲಿ ಬರೆಯಲ್ಲ, ಅವರ ಔಷಧಿಗೆ ಅಂತ ಎತ್ತಿಟ್ಟಿದ್ದ ದುಡ್ಡು. ವಾಟ್ಸಾಪಲ್ಲಿ ಫೋಟೋ ಬಂದಿತ್ತು, ತೋರಿಸಿದ್ರು. ಅದೇ ಮಗು. ಅದೇ ಟ್ಯೂಬು, ಅದೇ ಕಣ್ಣು. ಹೆಸರು ಮಾತ್ರ ಬೇರೆ.

ಆ ಫೋಟೋ ಬಂದಿದ್ದ ನಂಬರ್‌ಗೇ ನಾನು ಫೋನ್ ಮಾಡಿ ಕೂಗಾಡ್ದೆ. ಆ ಕಡೆಯವರು ಬಹಳ ಸಮಾಧಾನವಾಗಿ, “ಮೇಡಂ, ಮಕ್ಕಳ ಗುರುತು ಹೊರಗೆ ಬರಬಾರದು ಅಂತ ನಾವು ಹೆಸರು ಬದಲಾಯಿಸಿರ್ತೀವಿ” ಅಂದ್ರು. ಅದು ನಿಜಾನೂ ಇರಬಹುದು, ಒಳ್ಳೆ ಸಂಸ್ಥೆಗಳೂ ಹಾಗೆ ಮಾಡ್ತಾರೆ. ಸರಿ, ಹಾಗಾದ್ರೆ ಮೂರು ತಿಂಗಳ ಹಿಂದೆ ನಂಗೆ ತೋರಿಸಿದ ಮಗೂಗೆ ನಾಳೇನೇ ಆಪರೇಷನ್, ಇವತ್ತು ಸಂಜೇನೇ ಕೊನೆ ಟೈಮ್ ಅನ್ನೋದು ಹೇಗೆ ಅಂತ ಕೇಳಿದ್ರೆ ಲೈನ್ ಕಟ್. ತಿರುಗಿ ಮಾಡಿದ್ರೆ ಆ ನಂಬರ್‌ಗೆ ಹೋಗೋದೇ ಇಲ್ಲ. ಸಂಸ್ಥೆಯ ಆಫೀಸಿಗೆ ಮಾಡಿದ್ರೆ ಅವರು ಹೇಳ್ತಾರೆ, ಕಾಲ್ ಮಾಡಿದ್ದು ನಾವಲ್ಲ, ನಮ್ಮ ಪಾರ್ಟ್‌ನರ್‌ಗಳು. ಪಾರ್ಟ್‌ನರ್ ಯಾರು ಅಂದ್ರೆ ಈಮೇಲ್ ಮಾಡಿ ಅಂತಾರೆ. ಈಮೇಲ್‌ಗೆ ಬಂದಿದ್ದು ಧನ್ಯವಾದ ಪತ್ರ ಮತ್ತು ಇನ್ನೊಂದು ಮಗುವಿನ ಫೋಟೋ.

ಅವತ್ತಿಂದ ಅಮ್ಮನಿಗೆ ವಾರಕ್ಕೆ ನಾಕೈದು ಕಾಲ್. ಮೊದಲು ಮಕ್ಕಳದ್ದು, ಆಮೇಲೆ ವೃದ್ಧಾಶ್ರಮ, ಆಮೇಲೆ ಕಣ್ಣಿನ ಆಪರೇಷನ್, ಬೀದಿನಾಯಿ, ಎಲ್ಲಾ ಬೇರೆ ಬೇರೆ ಸಂಸ್ಥೆ ಹೆಸರು, ಎಲ್ಲರಿಗೂ ಅಮ್ಮನ ಹೆಸರು ಗೊತ್ತು. ಒಂದ್ಸಲ ಕೊಟ್ಟೋರು ಅನ್ನೋ ಪಟ್ಟಿಗೆ ಹೆಸರು ಸೇರ್ತು ಅಂದ್ರೆ ಆ ಪಟ್ಟಿ ಕೈಯಿಂದ ಕೈಗೆ ಹೋಗ್ತಾ ಇರತ್ತೆ. ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ. 2015ರಲ್ಲಿ ಬ್ರಿಟನ್ನಿನಲ್ಲಿ 92 ವರ್ಷದ ಒಬ್ಬ ಅಜ್ಜಿ ತೀರಿಕೊಂಡಾಗ ದೊಡ್ಡ ಗಲಾಟೆ ಆಯ್ತು. ಆಕೆ ಯುದ್ಧದಲ್ಲಿ ಸತ್ತ ಸೈನಿಕರ ನೆನಪಿನ ಕಾಗದದ ಹೂ ಮಾರಿ 70ಕ್ಕೂ ಹೆಚ್ಚು ವರ್ಷ ತಾನೇ ಬೀದೀಲಿ ನಿಂತು ದುಡ್ಡು ಎತ್ತಿಕೊಟ್ಟೋರು. ಸಾವಿಗೆ ಸಂಸ್ಥೆಗಳು ಕಾರಣ ಅಲ್ಲ ಅಂತ ಮನೆಯವರೇ ಹೇಳಿದ್ರು, ಆದ್ರೆ ತನಿಖೆ ಮಾಡಿದಾಗ 99 ಸಂಸ್ಥೆಗಳ ಹತ್ರ ಆ ಅಜ್ಜಿಯ ವಿಳಾಸ ಇತ್ತು. ಕಾಗದಗಳು ಕಂತೆಗಟ್ಟಲೆ ಬರ್ತಿದ್ವು. ಆ ಗಲಾಟೆಯಿಂದಾನೇ ಅಲ್ಲಿ 2016ರಲ್ಲಿ ದೇಣಿಗೆ ಎತ್ತೋರ ಮೇಲೆ ಕಣ್ಣಿಡೋಕೆ ಹೊಸ ನಿಯಂತ್ರಕ ಸಂಸ್ಥೆ ಬಂತು, 2017ರಲ್ಲಿ “ಇಂಥ ಸಂಸ್ಥೆಯಿಂದ ನಂಗೆ ಫೋನು, ಪತ್ರ ಯಾವುದೂ ಬೇಡ” ಅಂತ ಹೇಳಿ ನಿಲ್ಲಿಸೋ ವ್ಯವಸ್ಥೆ ಬಂತು. ಅದನ್ನ ಓದ್ತಾ ನಂಗೆ ನಮ್ಮಮ್ಮನೇ ಕಣ್ಣ ಮುಂದೆ ಬಂದ್ರು. ಕೊಡೋ ಮನಸ್ಸಿದ್ದೋರನ್ನೇ ಹುಡುಕಿ ಹುಡುಕಿ ಹಿಂಡೋದು ಯಾವ ನ್ಯಾಯ ಹೇಳಿ, ಕೊಡದೇ ಇರೋನಿಗೆ ಒಂದು ಫೋನೂ ಬರಲ್ಲ.

ನಿಲ್ಲಿಸೋಕೆ ನಾನು ಪಟ್ಟ ಪಾಡಲ್ಲಿ ನಿಮಗೆ ಉಪಯೋಗಕ್ಕೆ ಬರೋದು ಅಂದ್ರೆ, ದುಡ್ಡು ಕಟ್ ಆಗೋದನ್ನ ನಿಲ್ಲಿಸಿ ಅಂತ ಅವರ ಕಸ್ಟಮರ್ ಕೇರ್ ಹಿಂದೆ ಬೀಳ್ಬೇಡಿ. ಎರಡು ತಿಂಗಳು ನಾನು ಅದನ್ನೇ ಮಾಡ್ದೆ, ಪ್ರತಿ ಸಲ “ಯಾಕೆ ಮೇಡಂ, ಅರ್ಧ ಮಾಡ್ಕೊಡ್ತೀವಿ, ಮೂರು ತಿಂಗಳು ಗ್ಯಾಪ್ ಕೊಡ್ತೀವಿ” ಅಂತ ಚೌಕಾಸಿ. ನೇರ ಬ್ಯಾಂಕಿಗೆ ಹೇಳಿ ಆ ಮ್ಯಾಂಡೇಟನ್ನೇ ರದ್ದು ಮಾಡಿಸಿ, ಒಪ್ಪಿಗೆ ಕೊಟ್ಟಿದ್ದು ನೀವು, ವಾಪಸ್ ತಗೊಳ್ಳೋಕೂ ನಿಮಗೆ ಹಕ್ಕಿದೆ. ರದ್ದಾಗಿದೆ ಅಂತ ಮೆಸೇಜೋ ಕಾಗದವೋ ಬರೋ ತನಕ ಬಿಡ್ಬೇಡಿ. ಸಂಸ್ಥೆಗೆ ಒಂದು ಈಮೇಲ್, ನನ್ನ ಹೆಸರು ನಂಬರ್ ಅಳಿಸಿ ಅಂತ, ಉತ್ತರ ಬರದಿದ್ರೂ ಸಾಕ್ಷಿಗೆ ಇರ್ಲಿ. ಬೀದೀಲಿ ಯಾರಾದ್ರೂ ತಡೆದ್ರೆ ನಾನೀಗ ಕೇಳೋದು ಒಂದೇ ಪ್ರಶ್ನೆ, “ಇದನ್ನೇ ನಾಳೆ ಬೆಳಿಗ್ಗೆ ನಿಮ್ಮ ಆಫೀಸಿಗೆ ಬಂದು ಕೊಟ್ರೆ ತಗೋತೀರಾ?” ನಿಜವಾದ ಅವಶ್ಯಕತೆ ಇರೋರು ಯಾಕೆ ಬೇಡ ಅಂತಾರೆ. ಈಗಲೇ, ಇಲ್ಲೇ, ಕಾರ್ಡಲ್ಲೇ ಅಂದ್ರೆ ಹೊರಡಿ. ಸಾರಿ ಗೀರಿ ಏನೂ ಹೇಳ್ಬೇಡಿ, ಸಾರಿ ಅಂದ್ರೆ ಮಾತು ಶುರುವಾಗತ್ತೆ. ಮತ್ತೆ ಮನೇಲಿ ವಯಸ್ಸಾದೋರಿದ್ರೆ ಅವರ ನಂಬರ್ ಯಾವ ಫಾರಮ್ಮಿಗೂ ಬರೀಬೇಡಿ, ಇದೊಂದು ಕೈಮುಗಿದು ಕೇಳ್ತೀನಿ.

ಸ್ಟೇಷನ್ನಲ್ಲಿ ನಾನೀಗ ಆ ಗೇಟಲ್ಲಿ ಬರೋದೇ ಇಲ್ಲ, ಹಿಂದಿನ ಗೇಟಿಂದ ಸುತ್ತಿಕೊಂಡು ಬರ್ತೀನಿ. ನಾನೊಬ್ಬಳೇ ಅಲ್ಲ ಇಂಥ ಹೇಡಿ. ಅಮೆರಿಕದಲ್ಲಿ ಬಾಸ್ಟನ್ ಹತ್ರದ ಒಂದು ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಗಂಟೆ ಬಾರಿಸ್ತಾ ದೇಣಿಗೆ ಕೇಳೋರನ್ನ ಇಟ್ಕೊಂಡು ಆಂಡ್ರಿಯೋನಿ ಅನ್ನೋ ಅರ್ಥಶಾಸ್ತ್ರಜ್ಞ ಮತ್ತು ಇಬ್ಬರು ಸೇರಿ ಮಾಡಿದ ಅಧ್ಯಯನ 2017ರಲ್ಲಿ ಬಂತು. ಸುಮ್ನೆ ಗಂಟೆ ಬಾರಿಸೋ ಬದಲು ಬಾಯಿಬಿಟ್ಟು ಕೇಳೋಕೆ ಶುರು ಮಾಡಿದ್ರೆ ದುಡ್ಡೇನೋ ಅರ್ಧಕ್ಕಿಂತ ಜಾಸ್ತಿ ಏರಿತ್ತು, ಆದ್ರೆ ಸುಮಾರು ಮೂರರಲ್ಲೊಂದು ಪಾಲು ಜನ ಆ ಬಾಗಿಲನ್ನೇ ಬಿಟ್ಟು ಬೇರೆ ಕಡೆ ಹೋಗಿದ್ರು. ಸಂಸ್ಥೆಗಳ ಲೆಕ್ಕದ ಪುಸ್ತಕದಲ್ಲಿ ಏರಿದ ದುಡ್ಡು ಕಾಣತ್ತೆ, ಹಿಂದಿನ ಗೇಟಲ್ಲಿ ಹೋದೋರು ಕಾಣಲ್ಲ. ಈ ವರ್ಷ ಅಪ್ಪನ ನೆನಪಿಗೆ ಕೊಡೋದನ್ನೂ ನಾನು ಕೊಟ್ಟಿಲ್ಲ. ಪ್ರತಿ ವರ್ಷ ಕೊಡ್ತಿದ್ದ ಜಾಗ ಒಳ್ಳೇದೇ, ಅವರು ಒಂದು ದಿನಾನೂ ಫೋನ್ ಮಾಡಿದೋರಲ್ಲ. ಆದ್ರೂ ಯಾಕೋ ಕೈ ಬರ್ಲಿಲ್ಲ.

ಅಮ್ಮನ ಫೋನಿಗೆ ಹೋದ ವಾರಾನೂ ಒಂದು ಕಾಲ್ ಬಂತು, ಆ ಮಕ್ಕಳ ಸಂಸ್ಥೆ ಹೆಸರಲ್ಲೇ. ನಾನು ಪಕ್ಕದಲ್ಲೇ ಇದ್ದೆ, ಕಟ್ ಮಾಡಿ ಅಂತ ಸನ್ನೆ ಮಾಡ್ದೆ. ಅಮ್ಮ ಕೈ ಅಡ್ಡ ಹಿಡಿದು, ಬಹಳ ಮೆತ್ತಗೆ, “ಆಪರೇಷನ್ ಆಯ್ತಲ್ವೇನಪ್ಪಾ, ಈಗ ಹೇಗಿದೆ ಮಗು?” ಅಂತ ಕೇಳಿದ್ರು. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಹುಡುಗನ ಧ್ವನಿ, “ಯಾವ ಮಗು ಮೇಡಂ?”