ಬೂಷ್ಟು ಹಿಡಿದ ಬಚ್ಚಲುಮನೆಗೆ ಆ್ಯಸಿಡ್ ಹಾಕಿ ಬಣ್ಣ ಬಳಿಯುವವರಿಗೆ ದಯವಿಟ್ಟು ಹಣ ಕೊಡಬೇಡಿ

ಬಚ್ಚಲುಮನೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆಯೆಂದು ನೀವು ಚಿಂತೆಯಲ್ಲಿರುವಾಗ, ಆ್ಯಸಿಡ್‌ನಿಂದ ತೊಳೆದು ಮೇಲೆ ಡ್ಯಾಂಪ್ ಪ್ರೂಫ್ ಬಣ್ಣ ಬಳಿದರೆ ಒಂದೇ ದಿನದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಅವರ ಕೈಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಬಾಡಿಗೆ, ರೇಷನ್, ಮಕ್ಕಳ ಫೀಸು ಕಳೆದು ಉಳಿದ ಹಣದಲ್ಲೇ ಮನೆಯ ರಿಪೇರಿ ಮಾಡಿಸಬೇಕಾದ ನಮ್ಮಂಥವರನ್ನೇ ಇವರು ಹುಡುಕಿಕೊಂಡು ಬರುತ್ತಾರೆ. ಟೈಲ್ಸ್ ಒಡೆಸಿ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸುವ ಶಕ್ತಿ ನಮಗಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ನಾವಿರುವುದು ಶಿವಮೊಗ್ಗದ ಹಳೆಯ ಬಡಾವಣೆಯೊಂದರ ಬಾಡಿಗೆ ಮನೆಯಲ್ಲಿ. ಬಚ್ಚಲುಮನೆಗೆ ಎದೆಯೆತ್ತರದವರೆಗೆ ಟೈಲ್ಸ್ ಇದೆ, ಅದರ ಮೇಲೆ ಬಣ್ಣ ಬಳಿದ ಗಾರೆ. ಗಾಳಿಗೆ ಇರುವುದು ಒಂದೇ ಸಣ್ಣ ವೆಂಟಿಲೇಟರ್. ಕಳೆದ ಮಳೆಗಾಲದಲ್ಲಿ ನಲ್ಲಿಯ ಮೇಲಿನ ಗೋಡೆಯ ಬಣ್ಣ ಗುಳ್ಳೆಯೆದ್ದು, ಉಗುರಿನಿಂದ ಒತ್ತಿದರೆ ಗಾರೆ ಪುಡಿಪುಡಿಯಾಗಿ ಉದುರತೊಡಗಿತು. ಟೈಲ್ಸ್ ಸಂದುಗಳಲ್ಲಿ ಕಪ್ಪು ಗೆರೆ ಮೂಡಿತು, ಬಾಗಿಲ ಹಿಂದೆ ನೇತುಹಾಕಿದ ಟವೆಲ್ಲಿಗೂ ಮುಗ್ಗಲು ವಾಸನೆ ಅಂಟಿತು. ಮನೆ ಮಾಲೀಕರು ಅದು ನಮ್ಮ ಬಳಕೆಯಿಂದ ಆದದ್ದೆಂದು ಹೇಳಿ ಕೈತೊಳೆದುಕೊಂಡರು. ಕರಪತ್ರ ಹಂಚಿ ಹೋಗಿದ್ದ ಒಬ್ಬರು ಬಂದು ನೋಡಿ, "ಗೋಡೆ ಹೊಸದರ ಹಾಗೆ ಆಗುತ್ತೆ ಅಕ್ಕ, ಎರಡು ವರ್ಷ ನನ್ನ ಕೇಳಲೇಬೇಡಿ" ಎಂದು ಭರವಸೆ ಕೊಟ್ಟು, 6,500 ರೂಪಾಯಿಗೆ ಕೆಲಸ ಒಪ್ಪಿಕೊಂಡರು. ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನು ಮಾತ್ರ ಅವರು ಎತ್ತಲೇ ಇಲ್ಲ.

ಮೊದಲು ಕ್ಯಾನಿನಿಂದ ಆ್ಯಸಿಡ್ ಸುರಿದು ಗೋಡೆ, ನೆಲ ಎರಡನ್ನೂ ಉಜ್ಜಿದರು. ಅದನ್ನು ಪೂರ್ತಿ ತೊಳೆಯದೆಯೇ, ಬೂಷ್ಟಿನ ಬೇರು ಸಾಯಲಿ ಎಂದು ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಎರಚಿದರು. ಕ್ಷಣದಲ್ಲಿ ಕಣ್ಣು ಉರಿಯತೊಡಗಿತು. ಗಂಟಲು ಹಿಡಿದಂತಾಗಿ ಕೆಮ್ಮು ತಡೆಯಲಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದ, ಮೊದಲೇ ಉಬ್ಬಸವಿರುವ ನಮ್ಮ ಅತ್ತೆಯವರನ್ನು ಅಂಗಳಕ್ಕೆ ಕರೆತಂದು, ಅಲ್ಲಿಂದ ಆಸ್ಪತ್ರೆಗೆ ಕರೆದೊಯ್ದು ನೆಬ್ಯುಲೈಸರ್ ಹಾಕಿಸಬೇಕಾಯಿತು. ಹೈಡ್ರೋಕ್ಲೋರಿಕ್ ಆಮ್ಲವೂ ಬ್ಲೀಚಿಂಗ್ ಪೌಡರೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ಕಿಟಕಿಯಿಲ್ಲದ ಬಚ್ಚಲಿನಂಥ ಜಾಗದಲ್ಲಿ ಕೆಳಗೇ ನಿಂತುಬಿಡುತ್ತದೆ. ಶೌಚಾಲಯ ತೊಳೆಯುವ ಬಹಳಷ್ಟು ದ್ರಾವಣಗಳಲ್ಲಿ ಇರುವುದೂ ಇದೇ ಆಮ್ಲ. ಹಾಗಾಗಿ ಕೆಲಸದವರನ್ನು ಕರೆಯದೆ ನೀವೇ ತೊಳೆಯುವಾಗಲೂ ಇವೆರಡನ್ನು ಒಟ್ಟಿಗೆ, ಅಥವಾ ಒಂದರ ಬೆನ್ನಿಗೆ ಇನ್ನೊಂದನ್ನು ಎಂದಿಗೂ ಬಳಸಬೇಡಿ.

ಅಂದು ಸಂಜೆಯೇ ಬಣ್ಣ ಬಳಿದು ಮುಗಿಸಿದರು. ನೋಡಲು ಗೋಡೆ ಬೆಳ್ಳಗಿತ್ತು ನಿಜ, ಆದರೆ ಒಳಗಿನ ಗಾರೆ ಇನ್ನೂ ಹಸಿಯಾಗಿಯೇ ಇತ್ತು. ಕೆಲವೇ ವಾರಗಳಲ್ಲಿ ಬಣ್ಣ ಹಾಳೆಹಾಳೆಯಾಗಿ ಎದ್ದು, ಅದರ ಹಿಂದೆ ಬೂಷ್ಟು ಮೊದಲಿಗಿಂತ ಅಗಲವಾಗಿ ಹರಡಿತ್ತು. ಇದಕ್ಕಿಂತ ದೊಡ್ಡ ಹಾನಿಯಾದದ್ದು ಟೈಲ್ಸ್ ಸಂದಿಗೆ. ಸಂದಿನಲ್ಲಿ ತುಂಬಿರುವುದು ಸಿಮೆಂಟ್. ಆಮ್ಲ ಸಿಮೆಂಟನ್ನು ತಿನ್ನುತ್ತದೆ. ಸಂದುಗಳು ಟೊಳ್ಳಾಗಿ, ಸ್ನಾನದ ನೀರು ನೇರವಾಗಿ ಟೈಲ್ಸ್ ಹಿಂದಕ್ಕೆ ಇಳಿಯತೊಡಗಿತು. ಅಂದರೆ ನಾವು ಕೊಟ್ಟ ಹಣದಲ್ಲಿ ಗೋಡೆಗೆ ನೀರು ಹೋಗಲು ಹೊಸ ದಾರಿ ಮಾಡಿಕೊಟ್ಟಂತಾಯಿತು. ಫೋನ್ ಮಾಡಿದರೆ ಆ ವ್ಯಕ್ತಿ ಮಳೆಗಾಲ ಮುಗಿಯಲಿ ಎಂದರು, ಆಮೇಲೆ ಕರೆ ತೆಗೆಯುವುದನ್ನೇ ನಿಲ್ಲಿಸಿದರು.

ತೇವವಿಲ್ಲದ ಕಡೆ ಬೂಷ್ಟು ಬೆಳೆಯಲಾರದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆ ಪ್ರಕಟಿಸಿದ ಮಾರ್ಗಸೂಚಿಯೂ ಮನೆಯಲ್ಲಿ ತೇವ ನಿಲ್ಲದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಮುಖ್ಯವೆಂದು ಹೇಳುತ್ತದೆ. ಆ ತೇವದ ಮೂಲ ತಿಳಿಯಲು ಹೆಚ್ಚು ಹಣ ಬೇಕಿಲ್ಲ. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಒಂದು ಅಡಿಯಷ್ಟು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿಗಟ್ಟಿದರೆ ತೇವ ಕೋಣೆಯ ಗಾಳಿಯದು. ಗೋಡೆಯ ಕಡೆಯ ಮೈಯಲ್ಲಿ ಹನಿಗಟ್ಟಿದರೆ ನೀರು ಗೋಡೆಯೊಳಗಿನಿಂದಲೇ ಬರುತ್ತಿದೆ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿಟ್ಟು ಬೆಳಿಗ್ಗೆ ನೋಡಿದರೆ ಪೈಪ್ ಸೋರುತ್ತಿದೆಯೇ ಎಂಬುದೂ ತಿಳಿಯುತ್ತದೆ.

ಈ ಎರಡೂ ಪರೀಕ್ಷೆಗಳನ್ನು ನಮಗೆ ಹೇಳಿಕೊಟ್ಟವರು ನೆರೆಮನೆಯವರು ಕರೆತಂದ ಹಿರಿಯ ಪ್ಲಂಬರ್ ಒಬ್ಬರು. "ನೋಡಮ್ಮ, ಬೂಷ್ಟು ಇರೋ ಕಡೆ ನೋಡಬೇಡಿ, ನೀರು ಎಲ್ಲಿಂದ ಬರ್ತಿದೆ ಅಂತ ನೋಡಿ" ಎಂದು ಹೇಳಿ, ನಲ್ಲಿಯ ಹಿಂದಿನ ಒಂದೇ ಒಂದು ಟೈಲ್ ತೆಗೆದು ತೋರಿಸಿದರು. ಕಬ್ಬಿಣದ ಪೈಪಿನ ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆಯ ಜೋಡಣೆ, ತುಕ್ಕು ಹಿಡಿದು, ಅದರ ತಿರುಪಿನ ಸಂದಿನಿಂದ ನೀರು ಸಣ್ಣಗೆ ಜಿನುಗುತ್ತಿತ್ತು. ಸಾಮಾನು, ಕೂಲಿ ಸೇರಿ 1,200 ರೂಪಾಯಿಯಲ್ಲಿ ಅದು ಮುಗಿಯಿತು. ಟೊಳ್ಳಾದ ಸಂದುಗಳನ್ನು ಕೆರೆದು, ಟೈಲ್ಸ್ ಅಂಗಡಿಯಲ್ಲಿ ಸಿಗುವ ಗ್ರೌಟ್ ಪುಡಿಯನ್ನು ಕಲಸಿ ನಾವೇ ತುಂಬಿದೆವು. ಎದ್ದ ಬಣ್ಣವನ್ನೆಲ್ಲ ಕೆರೆದು ತೆಗೆದು, ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣ ಹೊಡೆದೆವು. ಸುಣ್ಣ ಕ್ಷಾರವಾದ್ದರಿಂದ ಬೂಷ್ಟಿಗೆ ಒಗ್ಗುವುದಿಲ್ಲ, ಗೋಡೆಯ ತೇವ ಆರುವುದನ್ನೂ ಅದು ತಡೆಯುವುದಿಲ್ಲ.

ಬೂಷ್ಟನ್ನು ತೆಗೆಯಲು ಸೋಪಿನ ಪುಡಿಯ ನೀರು, ಗಟ್ಟಿ ಬ್ರಷ್ಷು ಸಾಕು. ಸತ್ತ ಬೂಷ್ಟಿನಿಂದಲೂ ಸೀನು, ಉಬ್ಬಸ ಬರಬಹುದಾದ್ದರಿಂದ ಅದನ್ನು ಉಜ್ಜಿ ತೆಗೆಯುವುದು ಮುಖ್ಯ. ಆಗ ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಬಾಗಿಲು ತೆರೆದಿಡಿ. ಸ್ನಾನವಾದ ಮೇಲೆ ವೈಪರ್‌ನಿಂದ ಗೋಡೆ, ನೆಲದ ನೀರನ್ನು ಎಳೆದುಬಿಡುವುದಕ್ಕೆ ಎರಡು ನಿಮಿಷ ಸಾಕು. ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ. ಕೂಡಿಟ್ಟ ಹಣ ಸ್ವಲ್ಪವಿದ್ದರೆ, ಬಣ್ಣಕ್ಕಿಂತ ಮೊದಲು ವೆಂಟಿಲೇಟರ್‌ಗೆ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಬಾಡಿಗೆದಾರರು ಸೋರಿಕೆಯ ವಿಷಯವನ್ನು ಮಾಲೀಕರಿಗೆ ಬಾಯಿಮಾತಿನಲ್ಲಿ ಹೇಳದೆ ಬರೆದೇ ತಿಳಿಸಿ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಯುಕ್ತ ಸಮಯದಲ್ಲಿ ಮಾಡಿಸದೆ ಹೋದಾಗ, ನೀವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಹಾಗೆ ಮುರಿದುಕೊಳ್ಳುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿಕೊಳ್ಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ. ಕೆಲಸದವರು ಯಾರೇ ಆಗಲಿ, ಹಣ ಕೊಟ್ಟದ್ದಕ್ಕೆ ರಸೀದಿಯನ್ನೂ, ಗ್ಯಾರಂಟಿ ಎಂದರೆ ಅದನ್ನು ಬರವಣಿಗೆಯಲ್ಲೂ ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನೀವು ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ, ಆದರೆ ಅಲ್ಲಿ ಮೊದಲು ಕೇಳುವುದು ಆ ರಸೀದಿಯನ್ನೇ.