ಲೆನ್ಸ್ ಅಲ್ಲಾಡುತ್ತದೆ, ಫೋಟೊ ಅಲ್ಲ

ಅಪ್ಪನ ಹಳೇ ನಿಕಾನ್ 50 ಎಂಎಂ ಲೆನ್ಸನ್ನು ನನ್ನ ಸೋನಿ ಕ್ಯಾಮೆರಾಗೆ ಹಾಕಲು ಒಂದು ಅಗ್ಗದ ಅಡಾಪ್ಟರ್ ತರಿಸಿದೆ. ಕಂಪನಿ ಹೆಸರು ಬೇಡ ಬಿಡಿ. ಕ್ಲಿಕ್ ಅಂತ ಕೂತಿತು. ಆದರೆ ಫೋಕಸ್ ರಿಂಗ್ ತಿರುಗಿಸಿದರೆ ಮೊದಲು ಇಡೀ ಲೆನ್ಸೇ ಕೂದಲೆಳೆಯಷ್ಟು ತಿರುಗುತ್ತದೆ, ಆಮೇಲೆ ರಿಂಗ್. 'ಟಿಕ್' ಅಂತ ಸದ್ದು ಬೇರೆ.

ಹೀಗೆ ಒಂಚೂರು ತಿರುಗಿದರೆ ಪರವಾಗಿಲ್ಲ. ಲಾಕ್ ಪಿನ್ನು ಅದರ ತೂತಿನಲ್ಲಿ ಕೂರಲು ಸ್ವಲ್ಪ ಜಾಗ ಬೇಕಲ್ವಾ? ಹಿಂದೆ ಮುಂದೆ ಅಲ್ಲಾಡಿದರೆ ಮಾತ್ರ ಕಷ್ಟ. ಲೆನ್ಸ್ ಓರೆಯಾಗಿ ಫೋಟೊದ ಒಂದು ಅಂಚು ಮಸುಕಾಗುತ್ತದೆ. ಅಡಾಪ್ಟರಿನ ದಪ್ಪವೂ ಸರಿಯಿರಬೇಕು. ನಿಕಾನ್ ಮೌಂಟಿನಿಂದ (ಲೆನ್ಸ್ ಕೂರುವ ಬಳೆ) ಫಿಲ್ಮಿಗೆ 46.5 ಮಿಮೀ ದೂರ, ಸೋನಿಯಲ್ಲಿ ಸೆನ್ಸರಿಗೆ 18. ಅಂದರೆ ಅಡಾಪ್ಟರ್ 28.5 ಮಿಮೀ ದಪ್ಪ ಇರಬೇಕು. ನನ್ನದು ಕೊಂಚ ತೆಳ್ಳಗಿದೆ ಅನಿಸುತ್ತದೆ: ದೂರದ ಮೊಬೈಲ್ ಟವರ್ ಸ್ಪಷ್ಟವಾದ ಮೇಲೂ ರಿಂಗ್ ಇನ್ನೂ ತಿರುಗುತ್ತದೆ.

ಇಟ್ಟಿಗೆ ಗೋಡೆ ಎದುರು ಟ್ರೈಪಾಡ್ ಇಟ್ಟು ಎಫ್ 2ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದು, ಫೋಟೊ ತೆಗೆದು ನೋಡಿದೆ. ನಾಲ್ಕೂ ಮೂಲೆ ಒಂದೇ ತರ. ಹಾಗಾಗಿ ವಾಪಸ್ ಕಳಿಸಲಿಲ್ಲ. ಒಳಗಿನ ಸ್ಪ್ರಿಂಗ್ ಪಟ್ಟಿಗಳ ಸೀಳನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಮೆಲ್ಲಗೆ ಅಗಲಿಸಿದೆ, ಅಲ್ಲಾಟ ಮುಕ್ಕಾಲು ಪಾಲು ಹೋಯಿತು. ಭಾರದ ಜೂಮ್ ಲೆನ್ಸ್ ಹಾಕುವವರು ಮಾತ್ರ ಇಂಥ ಅಡಾಪ್ಟರ್ ಸುಮ್ನೆ ತಗೋಬೇಡಿ.